ಮೂವರಿಗೆ ಹಂಚಿದ ತುಂಡು

ಬೀದಿಗೆಲ್ಲ ಅವಳು ಚಿಂದಿಯಕ್ಕ. ನನಗೆ ದೊಡ್ಡಮ್ಮ, ನನ್ನಮ್ಮನ ಒಡಹುಟ್ಟಿದ ಅಕ್ಕ. ಅಕ್ಕತಂಗಿಯರಿಬ್ಬರಿಗೂ ಅಂಗಿ ಹೊಲಿಯುವ ಒಂದೇ ಕಾರ್ಖಾನೆಯಲ್ಲಿ ಕೆಲಸ. ದೊಡ್ಡಮ್ಮ ಎರಡನೇ ಮಹಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು, ಅಮ್ಮ ಮೂರನೇ ಮಹಡಿಯಲ್ಲಿ ಕಾಲರು ಕೂರಿಸುತ್ತಿದ್ದಳು. ನಾವು ಮೂವರೂ ಒಂದೇ ಮನೆಯಲ್ಲಿದ್ದೆವು. ನನ್ನಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ದೊಡ್ಡಮ್ಮನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗಿದ್ದ. ಆ ವಿಷಯ ಯಾರಾದರೂ ಕೆದಕಿದರೆ, "ಅವನೊಬ್ಬ ಚೂರೂ ಉಪಯೋಗಕ್ಕೆ ಬಾರದ ಚಿಂದಿ, ಅದಕ್ಕೇ ಇಟ್ಕೊಳ್ಲಿಲ್ಲ" ಅನ್ನುವಳು.

ಅವಳ ಕೈಗೆ ಬಂದ ಬೇರೆ ಯಾವ ಚಿಂದಿಯೂ ಕಸವಾಗುತ್ತಿರಲಿಲ್ಲ. ಬಟ್ಟೆಯ ಥಾನು ಮುಗಿಯುವಾಗ ಕೊನೆಯಲ್ಲಿ ಮೊಳವೋ ಮುಕ್ಕಾಲು ಮೊಳವೋ ಉಳಿಯುತ್ತದೆ; ಅಚ್ಚಿಟ್ಟು ಕತ್ತರಿಸಿದ ಮೇಲೆ ತೋಳಿನ ಪಕ್ಕ, ಕಂಕುಳ ಪಕ್ಕ ಬೆರಳಗಲದ ಪಟ್ಟಿಗಳು ಬೀಳುತ್ತವೆ. ಅದನ್ನೆಲ್ಲ ಗೋಣಿಗೆ ತುಂಬಿ ಗುಜರಿಗೆ ಹಾಕುತ್ತಿದ್ದರು. ದೊಡ್ಡಮ್ಮ ಕಟಿಂಗ್ ಮಾಸ್ತರನನ್ನು ಕೇಳಿದಳು. "ತಗೊಂಡು ಹೋಗಮ್ಮ, ಗುಜರಿಯವನಿಗೇನು ಕಮ್ಮಿ ಆಗುತ್ತೆ" ಎಂದ ಮಾಸ್ತರ. ಅದಕ್ಕೆ ಬದಲಾಗಿ ಅವನ ಮಗಳ ಶಾಲೆಯ ಪುಸ್ತಕಗಳಿಗೆಲ್ಲ ವರ್ಷವರ್ಷವೂ ದೊಡ್ಡಮ್ಮನೇ ಹೊಸ ಬೆನ್ನು ಕಟ್ಟಿಕೊಡುತ್ತಿದ್ದಳು.

ಪುಸ್ತಕ ಕಟ್ಟುವ ಕೆಲಸ ಅವಳಿಗೆ ನನ್ನಜ್ಜನಿಂದ ಬಂದದ್ದು. ಅಜ್ಜ ಕಚೇರಿಗಳ ದಪ್ಪ ದಪ್ಪ ರಿಜಿಸ್ಟರುಗಳನ್ನು ಬೈಂಡ್ ಮಾಡುತ್ತಿದ್ದವನು. ಕೆಮ್ಮು ಹಿಡಿದು ಕೈ ನಡುಗತೊಡಗಿದಾಗ ದಬ್ಬಳವನ್ನು ದೊಡ್ಡಮಗಳ ಕೈಗೆ ಕೊಟ್ಟಿದ್ದ. ಕಾರ್ಖಾನೆಯಲ್ಲಿ ಅಂಗಿಯ ಅಚ್ಚು ಬರೆದು ಬಿಸಾಡಿದ ಕಂದು ಕಾಗದವನ್ನು ಅವಳು ಮಡಿಸಿ, ಎಂಟೆಂಟು ಹಾಳೆ ಒಂದರೊಳಗೊಂದು ಸೇರಿಸಿ, ಮಡಿಕೆಯಲ್ಲಿ ತೂತು ಮಾಡಿ, ಮೇಣ ಸವರಿದ ದಾರದಿಂದ ಹೊಲಿಯುವಳು. ಬಟ್ಟೆ ಬಂದ ಪೆಟ್ಟಿಗೆಯ ರಟ್ಟೇ ಹೊದಿಕೆ. ಬೆನ್ನಿಗೆ ಗಟ್ಟಿ ಬಟ್ಟೆಯ ಚಿಂದಿ, ಮೈದಾ ಅಂಟು. ಮೇಲೊಂದು ಹಲಗೆ, ಅದರ ಮೇಲೆ ನಮ್ಮಮ್ಮ ಕೂರಬೇಕು. "ನಿನ್ನಷ್ಟು ಭಾರದ ಯಂತ್ರ ಅಂಗಡೀಲಿ ಸಿಗಲ್ಲ ಕಣೆ" ಎಂದು ದೊಡ್ಡಮ್ಮ ತಂಗಿಯನ್ನು ರೇಗಿಸುವಳು. ಅಮ್ಮ ಸಿಟ್ಟಾದಂತೆ ನಟಿಸಿ ಇನ್ನಷ್ಟು ಒತ್ತಿ ಕೂರುವಳು.

ಉದ್ದನೆಯ ಪಟ್ಟಿಗಳು ಕೌದಿಗೆ ಹೋಗುತ್ತಿದ್ದವು. ಕೌದಿ ಮೊದಲು ಹರಿಯುವುದು ಅಂಚಿನಲ್ಲಿ, ಗದ್ದಕ್ಕೆ ಎಳೆದುಕೊಳ್ಳುವ ಕಡೆ. ದೊಡ್ಡಮ್ಮ ಚಿಂದಿಯನ್ನು ಓರೆಯಾಗಿ ಕತ್ತರಿಸಿ, ಓರೆಗೆ ಓರೆ ಜೋಡಿಸಿ, ಇಪ್ಪತ್ತು ಬಣ್ಣದ ಒಂದೇ ಪಟ್ಟಿ ಮಾಡಿ ಅಂಚು ಕಟ್ಟುವಳು. ಮೂಲೆಯಲ್ಲಿ ಒಂದು ಸುಕ್ಕೂ ಬರುತ್ತಿರಲಿಲ್ಲ. ಬೀದಿಯ ಹೆಂಗಸರು ಹಳೆಯ ಕೌದಿ ಹೊತ್ತುಕೊಂಡು ಬರುತ್ತಿದ್ದರು. "ಚಿಂದಿಯಕ್ಕಾ, ನನ್ನ ಗಂಡನ ಬಾಯಿಗೂ ಒಂದು ಬೈಂಡಿಂಗ್ ಹಾಕ್ಕೊಡು" ಎಂದು ಒಬ್ಬಳು ಕೇಳಿದರೆ, "ಆ ಅಳತೆಯ ರಟ್ಟು ನನ್ನ ಹತ್ರ ಇಲ್ಲಮ್ಮ" ಎಂದು ಇವಳು ಸೂಜಿಯಿಂದ ಕಣ್ಣೆತ್ತದೆ ಹೇಳುವಳು.

ಥಾನಿನ ಕೊನೆಯ ತುಂಡುಗಳಿಗೆ ಮಾತ್ರ ಕಾರ್ಖಾನೆಯಲ್ಲೇ ಗಿರಾಕಿಗಳಿದ್ದರು. ಮೊಳ ಬಟ್ಟೆಯಲ್ಲಿ ಒಂದು ಕುಪ್ಪಸವಾಗುತ್ತದೆ, ಎರಡು ಸೇರಿಸಿದರೆ ಲಂಗವಾಗುತ್ತದೆ. ಯಾರಿಗೆ ಎಷ್ಟು ಎಂದು ಜಗಳ ಹತ್ತಿದಾಗ ದೊಡ್ಡಮ್ಮ ಒಂದು ಪುಸ್ತಕ ಕಟ್ಟಿದಳು. ಹಂಚಿದ ಪ್ರತಿ ತುಂಡಿನಿಂದಲೂ ಹೆಬ್ಬೆಟ್ಟಿನಷ್ಟು ಚೂರು ಕತ್ತರಿಸಿ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಅದು ಯಾರಿಗೆ ಹೋಯಿತೆಂದು ಬರೆಯುವಳು. ಉದ್ದಜಡೆ, ಗುಂಡಿಯಕ್ಕ, ಕಾಜಾದವಳು, ಕೆಮ್ಮಿನವಳ ಸೊಸೆ, ಹೊಸಹುಡುಗಿ. ಎರಡು ವರ್ಷದಲ್ಲಿ ಪುಸ್ತಕ ಊದಿಕೊಂಡು, ಮುಚ್ಚಿದರೂ ಬಾಯಿ ತೆರೆದೇ ಇರುತ್ತಿತ್ತು.

ಕಾರ್ಖಾನೆಗೆ ಬೆಂಕಿ ಬೀಳುವ ನಾಲ್ಕು ತಿಂಗಳ ಮುಂಚೆ, ಕೆಲಸ ಮುಗಿಸಿ ಹಿಂದಿನ ಮೆಟ್ಟಿಲಿನಿಂದ ಇಳಿಯುತ್ತಿದ್ದ ಒಬ್ಬಳ ಸೊಂಟದಲ್ಲಿ ಮಡಿಸಿಟ್ಟ ತುಂಡು ಮ್ಯಾನೇಜರನ ಕಣ್ಣಿಗೆ ಬಿತ್ತು. "ಇವತ್ತು ಚಿಂದಿ, ನಾಳೆ ಥಾನೇ ಹೊತ್ಕೊಂಡು ಹೋಗ್ತೀರ" ಎಂದು ಕೂಗಾಡಿದ. ಮರುದಿನದಿಂದಲೇ ಹಿಂದಿನ ಮೆಟ್ಟಿಲ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು. ಎಲ್ಲರೂ ಮುಂದಿನ ಬಾಗಿಲಿನಲ್ಲೇ ಹೋಗಬೇಕು, ಮೈ ತಡವಿಸಿಕೊಂಡು. ದೊಡ್ಡಮ್ಮ ಹೆದರಿ ಚಿಂದಿ ತರುವುದನ್ನೇ ನಿಲ್ಲಿಸಿದಳು. ಒಂದು ವಾರ ಬಿಟ್ಟು ಕಟಿಂಗ್ ಮಾಸ್ತರನೇ ಕರೆದ. "ನೀನ್ಯಾಕೆ ಹೆದರ್ತೀಯ? ನಾನಿಲ್ವಾ? ನಾನು ಹೇಳಿದೀನಿ ಅನ್ನು." ಅವಳು ಮತ್ತೆ ತಂದಳು.

ಬೆಂಕಿ ಬಿದ್ದ ದಿನ ಬೆಳಿಗ್ಗೆ ಕತ್ತರಿಸುವ ಯಂತ್ರದ ಅಲಗು ಅವಳ ಎಡಗೈ ಮೇಲೆ ಹರಿಯಿತು. ಎರಡು ಬೆರಳು ಮೂಳೆಯವರೆಗೆ ಸೀಳಿದವು. ಅಮ್ಮ ಮೇಲಿನಿಂದ ಓಡಿಬಂದು ತನ್ನ ಸೆರಗಿನ ಅಂಚನ್ನೇ ಹರಿದು ಸುತ್ತಿ, ಜೊತೆಗೆ ಬರುತ್ತೇನೆಂದಳು. ಮ್ಯಾನೇಜರು ಬಿಡಲಿಲ್ಲ. "ಬೆರಳು ಅವಳದು ತಾನೆ ಕುಯ್ದಿರೋದು, ನಿನ್ನದಲ್ವಲ್ಲ" ಎಂದ. ದೊಡ್ಡಮ್ಮ ಒಬ್ಬಳೇ ನಡೆದುಕೊಂಡು ಹೋಗಿ ಒಂಬತ್ತು ಹೊಲಿಗೆ ಹಾಕಿಸಿಕೊಂಡಳು. ಹಿಂತಿರುಗುವಾಗ ಮಧ್ಯಾಹ್ನ ಮೂರು ಗಂಟೆ. ಬೀದಿಯ ತಿರುವಿನಲ್ಲೇ ಹೊಗೆ ಕಂಡಿತು.

ಕೆಳಗಿನ ಮಹಡಿಯಲ್ಲಿ ಪೇರಿಸಿಟ್ಟಿದ್ದ ಬಟ್ಟೆಗೆ ಬೆಂಕಿ ಹತ್ತಿತ್ತು. ಮುಂದಿನ ಮೆಟ್ಟಿಲು ಕೊಳವೆಯ ಹಾಗೆ ಹೊಗೆ ಎಳೆದುಕೊಳ್ಳುತ್ತಿತ್ತು. ಎರಡನೇ ಮಹಡಿಯವರು ಬಹಳಷ್ಟು ಮಂದಿ ಮೂಗು ಮುಚ್ಚಿಕೊಂಡು ಅದರಲ್ಲೇ ಇಳಿದು ಬಂದರು, ಕೆಲವರು ಕಿಟಕಿಯಿಂದ ಹಾರಿದರು. ಮೂರನೇ ಮಹಡಿಯವರು ಹಿಂದಿನ ಮೆಟ್ಟಿಲಿಗೆ ಓಡಿದರು. ದೊಡ್ಡಮ್ಮ ಕಟ್ಟಡ ಬಳಸಿಕೊಂಡು ಹಿಂದಕ್ಕೆ ಹೋದಾಗ ಇಬ್ಬರು ಗಂಡಸರು ಆ ಬಾಗಿಲಿನ ಬೀಗಕ್ಕೆ ಕಲ್ಲಿನಿಂದ ಹೊಡೆಯುತ್ತಿದ್ದರು. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತಂತೆ. ಅವಳು ಬ್ಯಾಂಡೇಜು ಸುತ್ತಿದ ಕೈಯಲ್ಲೇ ಕಲ್ಲು ಹಿಡಿದಳು. ಹೊಲಿಗೆ ಬಿಚ್ಚಿಕೊಂಡು ರಕ್ತ ಮೊಣಕೈವರೆಗೆ ಇಳಿಯಿತು. ಬೀಗ ಮುರಿಯುವ ಹೊತ್ತಿಗೆ ಒಳಗೆ ಯಾರೂ ಬಡಿಯುತ್ತಿರಲಿಲ್ಲ.

ಇಪ್ಪತ್ತಾರು ಹೆಂಗಸರು ಸತ್ತರು. ನನ್ನಮ್ಮ ಮನೆಗೆ ಬರಲಿಲ್ಲ.

ನನಗಾಗ ಇಪ್ಪತ್ತು ವರ್ಷ. ಒಂದು ಶಾಲೆಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಎರಡು ದಿನ ನಾನೂ ದೊಡ್ಡಮ್ಮನೂ ಆಸ್ಪತ್ರೆಯ ಶವಾಗಾರದ ಮುಂದೆ ಕೂತೆವು. ಒಂಬತ್ತು ಜನರನ್ನು ಮುಖ ನೋಡಿ ಗುರುತಿಸಿ ಕೊಟ್ಟರು. ಉಳಿದ ಹದಿನೇಳಕ್ಕೆ ಮುಖವಿರಲಿಲ್ಲ. ಈಗಿನಂತೆ ರಕ್ತ ಪರೀಕ್ಷೆ ಮಾಡಿ ಸಂಬಂಧ ಹೇಳುವ ಕಾಲವಲ್ಲ ಅದು. ಕಾರ್ಖಾನೆಯವರು ಕೊಟ್ಟ ಪಟ್ಟಿಯಲ್ಲಿ ದಿನಗೂಲಿಯವರ ಸುಳಿವೇ ಇರಲಿಲ್ಲ. ನಿಮ್ಮ ಮಗಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಆಸ್ಪತ್ರೆಯ ಗೇಟಿನಲ್ಲಿ ಕೂತ ತಾಯಂದಿರಿಗೆ ಕಾರ್ಖಾನೆಯ ಕಡೆಯವರು ಯಾರೋ ಬಂದು ಹೇಳಿಹೋದರು.

ಮೂರನೆಯ ದಿನ ಬೆಳಿಗ್ಗೆ ಶವಾಗಾರದ ವೈದ್ಯರು ಹೊರಗೆ ಬಂದು, ಬಾಗಿಲ ಹತ್ತಿರ ಒಬ್ಬರ ಕೆಳಗೊಬ್ಬರು ಸಿಕ್ಕಿಕೊಂಡಿದ್ದರಿಂದ ಕೆಲವರ ಮೈಮೇಲೆ ಅಂಗೈಯಗಲ ಬಟ್ಟೆ ಉಳಿದಿದೆ, ಯಾರು ಏನು ಉಟ್ಟಿದ್ದರೆಂದು ನೆನಪಿದ್ದರೆ ಹೇಳಿ ಎಂದರು. ದೊಡ್ಡಮ್ಮ ಎದ್ದಳು. ಮನೆಗೆ ಹೋಗಿ ಕಪಾಟಿನಿಂದ ಆ ಪುಸ್ತಕ ತೆಗೆದಳು.

ಪಕ್ಕದ ಮನೆಯ ಗುಂಡಿಯಕ್ಕ ಅಂದರೆ ಎರಡನೇ ಮಹಡಿಯಲ್ಲಿ ಗುಂಡಿ ಹಾಕುತ್ತಿದ್ದವಳು, ಕಿಟಕಿಯಿಂದ ಹಾರಿ ಕಾಲು ಮುರಿದುಕೊಂಡು ಉಳಿದವಳು. ಅವಳು ಮಂಚದಿಂದಲೇ ಕಿಟಕಿಯ ಮೂಲಕ ಕೂಗಿದಳು.

"ಅಕ್ಕಾ, ಕೈಲಿರೋದು ಆ ಪುಸ್ತಕಾನಾ? ನಿಂಗೇನು ತಲೆ ಕೆಟ್ಟಿದ್ಯಾ? ಒಲೆಗೆ ಹಾಕು ಅದನ್ನ."

"ಯಾಕೆ?"

"ಯಾಕೆ ಅಂತೀಯಲ್ಲ! ಬೀಗ ಯಾಕೆ ಹಾಕಿದ್ರಿ ಅಂತ ನಾಳೆ ಕೇಳೇ ಕೇಳ್ತಾರೆ. ಇದೇ ಪುಸ್ತಕ ಎತ್ತಿ ತೋರಿಸ್ತಾರೆ, ಇಗೋ ಕಳ್ಳರು ಅಂತ. ಸತ್ತೋರ ಹೆಸರೂ ಕೆಡುತ್ತೆ, ನಿನ್ನ ಹೆಸರೂ ಕೆಡುತ್ತೆ."

ದೊಡ್ಡಮ್ಮ ಹೊಸ್ತಿಲು ದಾಟಿದಳು. "ಅವರಮ್ಮಂದಿರು ಅಲ್ಲಿ ಗೇಟಲ್ಲಿ ಕೂತಿದಾರೆ ಕಣೆ" ಎಂದಳು. "ನಾನು ಇದನ್ನ ಇಟ್ಕೊಂಡು ಮನೇಲಿ ಕೂತಿರ್ಲಾ?"

ಶವಾಗಾರದ ಪಕ್ಕದ ಕೋಣೆಯಲ್ಲಿ ಉದ್ದ ಮೇಜು, ಅದರ ಮೇಲೆ ಹದಿನೇಳು ಕಾಗದದ ಲಕೋಟೆ, ಒಂದೊಂದರ ಮೇಲೂ ಒಂದು ನಂಬರು. ದೇಹ ನೋಡುವ ಅಗತ್ಯವಿಲ್ಲ ಎಂದು ವೈದ್ಯರು ಹೇಳಿದರು. ಅಲ್ಲಿನ ಗುಮಾಸ್ತ ಲಕೋಟೆಯಿಂದ ಚಿಮಟದಲ್ಲಿ ಬಟ್ಟೆ ತೆಗೆದು ಬಿಳಿ ತಟ್ಟೆಯ ಮೇಲಿಡುತ್ತಿದ್ದ. ದೊಡ್ಡಮ್ಮನ ಎಡಗೈ ಕೊರಳಿಗೆ ಕಟ್ಟಿತ್ತು. ಹಾಳೆ ತಿರುವುತ್ತಿದ್ದವಳು ನಾನು. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿಸಿ ನೋಡುವಳು, ಎಳೆ ಎಣಿಸುವಳು, ಮಸಿ ಇಲ್ಲದ ಮಡಿಕೆಯ ಒಳಗನ್ನು ಬಿಡಿಸಿ ಬಣ್ಣ ನೋಡುವಳು. "ಮುಂದಿನ ಹಾಳೆ. ಇನ್ನೊಂದು. ಅದಲ್ಲ, ಅದರ ಕೆಳಗಿನದು." ಬೆರಳಿಡುವಳು. "ಇದು ಉದ್ದಜಡೆ." "ಇದು ಕೆಮ್ಮಿನವಳ ಸೊಸೆ, ಲಂಗದ ಪಟ್ಟಿ ಇದು." ಹೊಸಹುಡುಗಿಯ ಚೂರಿನ ಮೇಲಿಟ್ಟ ಬೆರಳನ್ನು ಮಾತ್ರ ಅವಳು ಬೇಗ ತೆಗೆಯಲಿಲ್ಲ. ಆ ಹುಡುಗಿಗೆ ಹದಿನೇಳೋ ಹದಿನೆಂಟೋ. ಹಸಿರು ಹೂವಿನ ಆ ತುಂಡು ತನಗೇ ಬೇಕೆಂದು ಹಟ ಮಾಡಿ ಇಸಿದುಕೊಂಡಿದ್ದಳು.

ಹನ್ನೊಂದು ಲಕೋಟೆಗೆ ಹೆಸರು ಸಿಕ್ಕಿತು. ಮೂರರಲ್ಲಿದ್ದ ಬಟ್ಟೆ ಬರೀ ಮಸಿ, ಅದರಿಂದ ಏನೂ ತಿಳಿಯಲಿಲ್ಲ. ಉಳಿದ ಮೂರನ್ನು ಗುಮಾಸ್ತ ಒಟ್ಟಿಗೆ ತೆರೆದ. ಮೂರರಲ್ಲೂ ಕಂದು ಬಣ್ಣದ ಮೇಲೆ ಸಣ್ಣ ಬಿಳಿ ಗೆರೆ.

ನಾನು ಪುಟ ತಿರುವುವ ಮೊದಲೇ ನನಗೆ ಗೊತ್ತಿತ್ತು. ಆ ಕಂದು ಕುಪ್ಪಸಕ್ಕೆ ಕಾಜಾ ಮಾಡಿಕೊಟ್ಟವಳು ನಾನೇ. ಪುಸ್ತಕದಲ್ಲಿ ಆ ಚೂರಿನ ಪಕ್ಕ ದೊಡ್ಡಮ್ಮನ ದುಂಡು ಅಕ್ಷರದಲ್ಲಿ ಮೂರು ಗುರುತಿದ್ದವು: ಕಾಜಾದವಳು, ಮೂಲೆಮನೆಯವಳು, ತಂಗಿ. ಆ ಸಲ ಉಳಿದ ತುಂಡು ದೊಡ್ಡದಿತ್ತು. ತನ್ನ ತಂಗಿಗೇ ಎಲ್ಲ ಕೊಟ್ಟಳೆಂದು ಯಾರೂ ಆಡಿಕೊಳ್ಳಬಾರದೆಂದು ಮೂರು ಪಾಲು ಮಾಡಿದ್ದಳು.

"ಯಾವುದು ಯಾರದು?" ಎಂದು ಗುಮಾಸ್ತ ಕೇಳಿದ.

ದೊಡ್ಡಮ್ಮ ಮೂರು ಚೂರನ್ನೂ ಮತ್ತೆ ಮತ್ತೆ ನೋಡಿದಳು. ಹೊಲಿಗೆಯ ಗುರುತು ಎಲ್ಲೂ ಉಳಿದಿರಲಿಲ್ಲ. ಎತ್ತರವೂ ಮೂವರದು ಹೆಚ್ಚುಕಡಿಮೆ ಒಂದೇ. "ಗೊತ್ತಾಗ್ತಿಲ್ಲ ಸ್ವಾಮಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ನಾನೇನೋ ಕೇಳಿದ್ದೆನೆಂಬಂತೆ, "ಗೊತ್ತಾಗ್ತಿಲ್ಲ ಮಗಾ" ಎಂದಳು.

ಮೂರು ಮನೆಯವರೂ ಸೇರಿ ಮಣ್ಣು ಮಾಡಿದೆವು. ಅಕ್ಕಪಕ್ಕ ಮೂರು ಗುಂಡಿ. ಮೂರಕ್ಕೂ ಮೂರು ಮನೆಯವರೂ ಮಣ್ಣು ಹಾಕಿದರು. ಕಾಜಾದವಳ ಗಂಡ ಒಂದರ ಮುಂದೆ ಅತ್ತು, ಎದ್ದು ಎರಡನೆಯದಕ್ಕೆ ಹೋಗಿ ಅಲ್ಲೂ ಅತ್ತು, ಮೂರನೆಯದರ ಹತ್ತಿರ ಹೋಗುವಷ್ಟರಲ್ಲಿ ಅಳಲೂ ತ್ರಾಣವಿಲ್ಲದೆ ಸುಮ್ಮನೆ ಕೂತುಬಿಟ್ಟ. ನಾನಂತೂ ಯಾವುದರ ಮುಂದೆ ನಿಲ್ಲಬೇಕೆಂದು ತಿಳಿಯದೆ ದೂರವೇ ನಿಂತಿದ್ದೆ.

ವಿಚಾರಣೆ ಆರು ತಿಂಗಳ ಮೇಲೆ ಶುರುವಾಯಿತು. ಪುಸ್ತಕವನ್ನು ಪೊಲೀಸರು ಆಸ್ಪತ್ರೆಯಿಂದಲೇ ತೆಗೆದುಕೊಂಡು ಹೋಗಿದ್ದರು. ಸತ್ತವರು ಅಲ್ಲಿ ಕೆಲಸಕ್ಕಿದ್ದವರೇ ಎಂದು ತೋರಿಸಲು ಸರ್ಕಾರಿ ವಕೀಲರು ಅದನ್ನೇ ಮುಂದಿಟ್ಟರು. ದಿನಗೂಲಿಯವರನ್ನು ಕಾರ್ಖಾನೆಯವರು ಒಪ್ಪಿಕೊಳ್ಳಬೇಕಾಗಿ ಬಂದದ್ದೂ ಅದರಿಂದಲೇ. ಆದರೆ ಗುಂಡಿಯಕ್ಕ ಹೇಳಿದ್ದು ಸುಳ್ಳಾಗಲಿಲ್ಲ. ಕಾರ್ಖಾನೆಯ ವಕೀಲ ಎದ್ದು, ಕಟಕಟೆಯಲ್ಲಿ ನಿಂತ ದೊಡ್ಡಮ್ಮನ ಮುಂದೆ ಅದೇ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದರಲ್ಲಿರೋ ಬಟ್ಟೆಯೆಲ್ಲ ಕಾರ್ಖಾನೆದು ತಾನೆ?"

"ಹೌದು ಸ್ವಾಮಿ. ಚಿಂದಿ. ಗುಜರಿಗೆ ಹೋಗೋದು."

"ಕೇಳಿದ್ದಕ್ಕಷ್ಟೆ ಹೇಳಿ. ಯಾರು ಅಪ್ಪಣೆ ಕೊಟ್ಟಿದ್ದು?"

"ಕಟಿಂಗ್ ಮಾಸ್ತರು."

ಮಾಸ್ತರ ಎರಡನೇ ಸಾಲಿನಲ್ಲಿ ಕೂತಿದ್ದ. ಅವನನ್ನು ಕರೆಸಿದರು. ಅವನು ಕಟಕಟೆಯ ಅಂಚನ್ನೇ ನೋಡುತ್ತಾ, "ಹಾಗೇನೂ ಇಲ್ಲ, ನನಗೆ ಗೊತ್ತಿಲ್ಲದ ವಿಷಯ" ಎಂದ. ಮಾಲೀಕರು ಅವನನ್ನು ಇನ್ನೊಂದು ಕಾರ್ಖಾನೆಗೆ ಸೇರಿಸಿಕೊಂಡಿದ್ದಾರೆಂದು ನಮಗೆ ಅಷ್ಟರಲ್ಲಿ ಗೊತ್ತಾಗಿತ್ತು. ಆ ಸಂಜೆ ಹೊರಗೆ ವರಾಂಡದಲ್ಲಿ ಎದುರಾದಾಗ, "ನನಗೂ ಮಗಳಿದಾಳಮ್ಮ" ಎಂದಷ್ಟೇ ಹೇಳಿ ಬೇಗಬೇಗ ನಡೆದುಬಿಟ್ಟ.

"ಅಪ್ಪಣೆ ಇಲ್ಲದೆ ತಗೊಂಡ್ರೆ ಅದಕ್ಕೇನಂತಾರೆ?" ಎಂದು ವಕೀಲ ದೊಡ್ಡಮ್ಮನನ್ನು ಮತ್ತೆ ಕರೆಸಿ ಕೇಳಿದ.

"ಕಳ್ಳತನ ಅಂತಲೇ ಬರ್ಕೊಳ್ಳಿ" ಎಂದಳು. "ನಾನೇ ಕದ್ದಿದ್ದು, ನಾನೇ ಹಂಚಿದ್ದು. ಸತ್ತೋರ ಹೆಸರು ಅದರಲ್ಲಿ ತರಬೇಡಿ. ಆದ್ರೆ ಒಳಗೆ ಅಷ್ಟು ಜನ ಇರೋವಾಗ ಹೊರಗಿಂದ ಬೀಗ ಜಡಿದು, ಬೀಗದ ಕೈ ಜೇಬಲ್ಲಿಟ್ಕೊಂಡು ಊಟಕ್ಕೆ ಹೋಗಿದ್ದಕ್ಕೆ ಏನಂತಾರೆ, ಅದನ್ನೂ ಹೇಳಿಬಿಡಿ."

ಕೇಳಿದ್ದಕ್ಕಷ್ಟೇ ಉತ್ತರಿಸಬೇಕೆಂದು ನ್ಯಾಯಾಧೀಶರೂ ಎಚ್ಚರಿಸಿದರು. ಆ ಮಾತು ದಾಖಲೆಗೆ ಹೋಯಿತೋ ಇಲ್ಲವೋ ತಿಳಿಯದು.

ಕೊನೆಗೆ ಮ್ಯಾನೇಜರನಿಗೆ ಎರಡು ವರ್ಷ ಜೈಲಾಯಿತು. ಮಾಲೀಕರಿಗೆ ಏನೂ ಆಗಲಿಲ್ಲ. ತೀರ್ಪಿನಲ್ಲಿ, ಕಾರ್ಖಾನೆಯಿಂದ ಬಟ್ಟೆ ಕಳುವಾಗುತ್ತಿದ್ದ ಕಾರಣ ಬೀಗ ಹಾಕಲಾಗಿತ್ತು ಎಂಬ ಒಂದು ಸಾಲಿತ್ತು. ಪತ್ರಿಕೆಯವರು ಆ ಒಂದು ಸಾಲನ್ನೇ ದೊಡ್ಡಕ್ಷರದಲ್ಲಿ ಹಾಕಿದರು.

ಮಾರನೆಯ ದಿನ ಹೊಸಹುಡುಗಿಯ ತಾಯಿ ನಮ್ಮ ಬಾಗಿಲಿಗೆ ಬಂದಳು. ಮಗಳ ದೇಹ ಸಿಕ್ಕ ದಿನ ದೊಡ್ಡಮ್ಮನ ಕಾಲು ಹಿಡಿದು ಅತ್ತಿದ್ದವಳು ಇವಳೇ. ಹಿಂದೆ ದೊಡ್ಡಮ್ಮ ಅಂಚು ಕಟ್ಟಿಕೊಟ್ಟಿದ್ದ ಕೌದಿಯನ್ನು ಸುತ್ತಿ ತಂದಿದ್ದಳು. ಅದನ್ನು ಹೊಸ್ತಿಲಿಗೆ ಎಸೆದು, "ನಿನ್ನ ಚಿಂದಿ ಇಲ್ದೇ ಹೋಗಿದ್ರೆ ಆ ಬಾಗಿಲು ತೆಗೆದೇ ಇರ್ತಿತ್ತು" ಎಂದಳು. ದೊಡ್ಡಮ್ಮ ಕೌದಿಯನ್ನು ಎತ್ತಿ ಮಡಿಸಿ ಒಳಗಿಟ್ಟಳು. ಬೀದಿಯಲ್ಲಿ ಅವಳ ಪರವಾಗಿ ಮಾತಾಡಿದವರೂ ಇದ್ದರು. ಗುಂಡಿಯಕ್ಕ ಊರುಗೋಲು ಹಿಡಿದು ಬಂದು ಆ ತಾಯಿಯ ಜೊತೆ ಜಗಳವನ್ನೇ ಆಡಿದಳು. ಆದರೂ ಕೌದಿ ತರುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ನಾನು ಇಷ್ಟಕ್ಕೇ ನಿಲ್ಲಿಸಿ ನಾನಾಡಿದ ಮಾತನ್ನು ಹೇಳದೆ ಬಿಡಬಹುದು. ಬಿಟ್ಟರೆ ಅದು ಸುಳ್ಳಾಗುತ್ತದೆ. ಅದೇ ವಾರ ಒಂದು ಸಂಜೆ ಕೋಣೆಯ ಮೂಲೆಯಲ್ಲಿದ್ದ ಚಿಂದಿಯ ಗೋಣಿ ನನ್ನ ಕಾಲಿಗೆ ತೊಡರಿತು. ಎಷ್ಟು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿತ್ತೋ, ಬಾಯಿಗೆ ಬಂದುಬಿಟ್ಟಿತು. "ಇದಕ್ಕೋಸ್ಕರ ಅಮ್ಮನ್ನ ಕೊಂದೆಯಾ ದೊಡ್ಡಮ್ಮ? ಈ ಕಸಕ್ಕೋಸ್ಕರ?" ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. ನನ್ನನ್ನು ನೋಡಲಿಲ್ಲ. "ಅಮ್ಮನಿಗೂ ಕೊಟ್ಟಿದ್ದೆ" ಎಂದಳು, ಅಷ್ಟೇ. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳ ಟ್ರಂಕು, ದಬ್ಬಳದ ಡಬ್ಬಿ ಇರಲಿಲ್ಲ. ಒಲೆಯ ಮೇಲೆ ನನಗೆ ಅನ್ನ ಮಾಡಿಟ್ಟು ಹೋಗಿದ್ದಳು.

ಎಂಟು ತಿಂಗಳು ನಾನು ಅವಳನ್ನು ನೋಡಲು ಹೋಗಲಿಲ್ಲ. ಎಲ್ಲಿದ್ದಾಳೆಂದು ಗೊತ್ತಿತ್ತು: ಊರಿನ ಇನ್ನೊಂದು ತುದಿಯಲ್ಲಿ ಒಂದು ಬೈಂಡಿಂಗ್ ಅಂಗಡಿ, ಅದರ ಹಿಂದೆ ಕಿಟಕಿ ಇಲ್ಲದ ಕೋಣೆ. ಯಾವ ಹೊಲಿಗೆ ಕಾರ್ಖಾನೆಯವರೂ ಅವಳನ್ನು ಸೇರಿಸಿಕೊಳ್ಳಲಿಲ್ಲವಂತೆ. ಬೈಂಡಿಂಗ್ ಅಂಗಡಿಯ ಮುದುಕ ಮಾತ್ರ, ತನಗೆ ಕಿವಿ ಕೇಳದ್ದರಿಂದ ಯಾರ ಚಾಡಿಯೂ ಮುಟ್ಟುವುದಿಲ್ಲವೆಂದು ನಗುತ್ತಾ ಕೆಲಸ ಕೊಟ್ಟಿದ್ದ. ಒಂದು ದಿನ ಶಾಲೆಯ ಹರಿದ ಹಾಜರಿ ಪುಸ್ತಕಗಳನ್ನು ಬೈಂಡಿಂಗಿಗೆ ಕಳಿಸಬೇಕಾಗಿತ್ತು. ನಾನೇ ಹೊತ್ತುಕೊಂಡು ಹೋದೆ.

ಅವಳು ನೆಲದ ಮೇಲೆ ಕೂತು ಹಾಳೆ ಹೊಲಿಯುತ್ತಿದ್ದಳು. ಎಡಗೈಯ ಎರಡು ಬೆರಳು ಕೊಕ್ಕೆಯಂತೆ ಮಡಚಿ ನಿಂತಿದ್ದವು. ಕಾಗದವನ್ನು ಮೊಣಕಾಲಲ್ಲಿ ಒತ್ತಿ ಹಿಡಿದಿದ್ದಳು. ಬೆನ್ನಿಗೆ ಅಂಟಿಸುತ್ತಿದ್ದದ್ದು ಅಂಗಡಿಯಲ್ಲಿ ಕೊಂಡು ತಂದ ಕಪ್ಪು ಬಟ್ಟೆ. ನನ್ನನ್ನು ಕಂಡು, "ಊಟ ಆಯ್ತಾ?" ಎಂದಳು.

"ಹೂಂ. ನಿಂದು?"

"ಆಯ್ತು. ಆ ಕಡೆ ತುದಿ ಹಿಡ್ಕೋ."

ಹಿಡಿದುಕೊಂಡೆ. ಸಂಜೆಯವರೆಗೆ ಹಿಡಿದುಕೊಂಡೇ ಕೂತೆ. ಹೊರಡುವಾಗ ಮನೆಗೆ ಬಾ ಎಂದೆ. "ಇಲ್ಲೇ ಅಭ್ಯಾಸ ಆಗಿದೆ" ಎಂದಳು. ಅವತ್ತಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೆ. ಒಂದು ಸಲ, ಅವಳು ಅಂಟು ಕಲಸುತ್ತಿದ್ದಾಗ, ನಾನು ಅಂದದ್ದು ತಪ್ಪಾಯಿತೆಂದು ಹೇಳಿದೆ. ಅವಳು ಕಲಸುವುದನ್ನು ನಿಲ್ಲಿಸಲಿಲ್ಲ.

"ನೀನಂದಿದ್ದು ನಾನು ನಿನಗಿಂತ ಮುಂಚೆನೇ ಅಂದ್ಕೊಂಡಿದ್ದೆ" ಎಂದಳು. "ಬೀಗ ನಾನು ಹಾಕ್ಲಿಲ್ಲ, ಅದು ಗೊತ್ತು. ಗೊತ್ತಿದ್ರೆ ಏನು, ನಿದ್ದೆ ಬರಬೇಕಲ್ಲ."

ಹೀಗೇ ಹತ್ತು ವರ್ಷ ಕಳೆದವು. ನನಗೆ ಮದುವೆಯಾಯಿತು, ಮಗುವಾಯಿತು; ಮಗುವಿಗೆ ಒಂದು ಕೌದಿ ಹೊಲಿದುಕೊಡು ಎಂದು ಕೇಳಿದಾಗ ದೊಡ್ಡಮ್ಮ ಕಂಬಳಿ ಕೊಂಡು ತಂದಳು. ಕಾಗದದ ಧೂಳೋ, ಅಜ್ಜನಿಂದ ಬಂದದ್ದೋ, ಕೊನೆಕೊನೆಗೆ ಕೆಮ್ಮು ಹಿಡಿಯಿತು. ಆಗಲೂ ಮನೆಗೆ ಬರಲು ಒಪ್ಪಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯ ಮುದುಕ ಶಾಲೆಗೆ ಬಂದು, ಕಿವುಡರು ಮಾತಾಡುವ ಜೋರು ದನಿಯಲ್ಲಿ, ಮಕ್ಕಳೆಲ್ಲ ತಿರುಗಿ ನೋಡುವಂತೆ, ಅವಳು ಹೋದಳೆಂದು ಹೇಳಿದ.

ಮಣ್ಣಿಗೆ ಒಂಬತ್ತು ಜನ ಬಂದರು. ಗುಂಡಿಯಕ್ಕ ಕುಂಟುತ್ತಾ ಬಂದಳು. ಕಾಜಾದವಳ ಗಂಡ ಬಂದು ಹೆಣಕ್ಕೆ ಹೆಗಲು ಕೊಟ್ಟ. ಅಮ್ಮ ಇರುವ ಸಾಲಿನಲ್ಲಿ ಜಾಗ ಸಿಗಲಿಲ್ಲ. ಗೋಡೆಯ ಪಕ್ಕ, ನೀರು ನಿಲ್ಲುವ ಕಡೆ ಸಿಕ್ಕಿತು. ಗುಂಡಿ ತೋಡುವವನು ಸಂಜೆಗೆ ಮುಂಚೆ ಇನ್ನೂ ಎರಡು ತೋಡುವುದಿದೆ ಎಂದು ಅವಸರ ಮಾಡುತ್ತಿದ್ದ. ನಾವು ಬೇಗ ಮುಗಿಸಿದೆವು.